ಕಾಕಾನಿಗೆ ಓದಿ ಹೇಳಿದ ಅಳತೆ

ದಪ್ಪ ಅಳೆಯುವ ಸ್ಕ್ರೂ ಗೇಜಿನ ತುದಿಯನ್ನು ತಿರುಗಿಸುತ್ತ ಹೋದರೆ, ನಡುವೆ ಇಟ್ಟ ತಂತಿಯನ್ನು ಅದರ ದವಡೆಗಳು ಕಚ್ಚಿದ ಕೂಡಲೇ ತಿರುಪು ಮುಂದೆ ಹೋಗುವುದನ್ನು ಬಿಟ್ಟು ಟಿಕ್, ಟಿಕ್, ಟಿಕ್ ಎನ್ನುತ್ತದೆ. ಮೂರು ಸಲ ಅನ್ನಿಸಿ ನಿಲ್ಲಿಸಬೇಕು, ಮೇಲೆ ಒತ್ತಬಾರದು. ಶಿರಸಿಯ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಹೊಸ ಮಕ್ಕಳಿಗೆ ನಾನು ಹೇಳಿಕೊಡುವ ಮೊದಲ ಮಾತು ಇದು. ವರ್ಷದ ಮೊದಲ ತರಗತಿಯಲ್ಲಿ ಇಪ್ಪತ್ತು ಮಕ್ಕಳು ಒಟ್ಟಿಗೆ ತಿರುಗಿಸಲು ಹತ್ತಿದರೆ ಕೋಣೆಯ ತುಂಬ ಅದೇ ಸದ್ದು. ಪೆಟ್ಟಿಗೆಗಳನ್ನು ತೆರೆದಾಗ ಏಳುವ ತೆಳ್ಳನೆಯ ಎಣ್ಣೆಯ ವಾಸನೆಯೂ ಅದರ ಜೊತೆಗೆ ಸೇರುತ್ತದೆ. ಆಗ ನಾನು ಏನೋ ನೆಪ ಹೇಳಿ ಹೊರಗೆ ಜಗಲಿಗೆ ಬಂದು ನಿಲ್ಲುತ್ತೇನೆ. ಇಷ್ಟು ವರ್ಷವಾದರೂ ಆ ಸದ್ದು, ಆ ವಾಸನೆ ಎರಡೂ ಸೇರಿದರೆ ನನಗೆ ಹತ್ತು ವರ್ಷ ವಯಸ್ಸು. ಯಲ್ಲಾಪುರದ ಹೆದ್ದಾರಿ ಪಕ್ಕದ ನಮ್ಮ ಮನೆಯ ಅಡಿಗೆಮನೆ ಕಿಟಕಿಯ ಕೆಳಗೆ ಗೋಣಿಚೀಲದ ಮೇಲೆ ಕೂತಿರುತ್ತೇನೆ, ಮತ್ತು ಕಿಟಕಿಯ ಆಚೆಯಿಂದ ವಿರೂಪಾಕ್ಷಿ ಕಾಕಾ ಮೆಲ್ಲಗೆ ಕೇಳುತ್ತಿರುತ್ತಾನೆ, "ಗಿರಿ, ಎಷ್ಟ ಐತಿ ನೋಡ."

ಮನೆ ಅಂದರೆ ಮುಂದೆ ಕಬ್ಬಿಣ ತಿರುಗಿಸಿ ಕೊರೆಯುವ ಲೇತ್ ಅಂಗಡಿ, ಹಿಂದೆ ಎರಡು ಕೋಣೆ, ಅಷ್ಟೇ. ಅಪ್ಪ ಬನವಾಸಿ ಕಡೆಯವನು. ಹೊಲದ ಕೆಲಸ ಒಗ್ಗದೆ ಹುಬ್ಬಳ್ಳಿಯಲ್ಲಿ ಲೇತ್ ಕಲಿತು, ಲಾರಿಗಳೂ ಕಟ್ಟಿಗೆ ಕೊಯ್ಯುವ ಮಿಲ್ಲುಗಳೂ ಇರುವ ಊರು ಎಂದು ಯಲ್ಲಾಪುರಕ್ಕೆ ಬಂದು ನೆಲೆ ನಿಂತವನು. ತನ್ನ ತಮ್ಮ ವಿರೂಪಾಕ್ಷಿಯನ್ನು ಹದಿನಾಲ್ಕನೇ ವಯಸ್ಸಿಗೇ ಕರೆತಂದು ಮಷಿನ್ನಿಗೆ ಹಚ್ಚಿದ್ದನಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಕಾಕಾನಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಬೆಳಿಗ್ಗೆ ಅಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಮಷಿನ್ನಿನ ಮೈ ಮುಟ್ಟಿ ನಮಸ್ಕಾರ ಮಾಡಿದ ಮೇಲೆ ಕೆಲಸ ಸುರು. ಕಬ್ಬಿಣದ ಮೈಯಿಂದ ನೀಲಿ ಬಣ್ಣದ ಸುರುಳಿಗಳು ಎದ್ದು ಎದ್ದು ಬೀಳುತ್ತಿದ್ದವು, ಮೇಲೆ ಸುರಿಯುವ ಹಾಲಿನಂಥ ನೀರು ಬಿಸಿಗೆ ಹೊಗೆಯಾಡುತ್ತಿತ್ತು. ನಮ್ಮ ಮನೆಯ ರೊಟ್ಟಿಗೂ ಬದನೆಕಾಯಿ ಪಲ್ಯಕ್ಕೂ ಆ ಸುಟ್ಟ ಎಣ್ಣೆಯ ವಾಸನೆ ಇರುತ್ತಿತ್ತು. ಬೇರೆಯವರ ಮನೆಯಲ್ಲಿ ಉಂಡಾಗ ಏನೋ ಕಡಿಮೆಯಾದಂತೆ ನನಗೆ ಅನ್ನಿಸುತ್ತಿತ್ತು. ನೀವೂ ಇಂಥದೊಂದು ಮನೆಯಲ್ಲಿ ಬೆಳೆದಿದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ: ವಾಸನೆ ಕೆಟ್ಟದಿರಬಹುದು, ಆದರೆ ಅದು ನಮ್ಮದು.

ಅಪ್ಪನ ಮೈಕ್ರೋಮೀಟರುಗಳು, ಸಣ್ಣದೊಂದು ದೊಡ್ಡದೊಂದು, ಹಸಿರು ಬಟ್ಟೆ ಹೊದಿಸಿದ ಮರದ ಡಬ್ಬಿಯಲ್ಲಿ ಇರುತ್ತಿದ್ದವು. ಕಾಲೇಜಿನಲ್ಲಿ ಸ್ಕ್ರೂ ಗೇಜ್ ಅನ್ನುವುದನ್ನೇ ಲೇತ್ ಅಂಗಡಿಯಲ್ಲಿ ಮೈಕ್ರೋಮೀಟರು ಅನ್ನುತ್ತಾರೆ. ಅದನ್ನು ಓದುವುದನ್ನು ಅಪ್ಪ ನನಗೆ ಎಂಟನೇ ವಯಸ್ಸಿಗೆ ಕಲಿಸಿದ. ಉದ್ದ ಗೆರೆಯ ಮೇಲ್ಗಡೆ ಮಿಲಿಮೀಟರುಗಳು, ಕೆಳಗಡೆ ಅವುಗಳ ನಡುವಿನ ಅರ್ಧಗಳು, ಸುತ್ತುವ ತಿರುಪಿನ ಮೇಲೆ ಐವತ್ತು ಗೀಟು. ಕೆಳಗಿನ ಅರ್ಧದ ಗೆರೆ ಹೊರಗೆ ಬಂದಿದೆಯೋ ಇಲ್ಲವೋ, ಅದನ್ನೇ ಮೊದಲು ನೋಡಬೇಕು. ಅದನ್ನು ತಪ್ಪಿದರೆ ಅಳತೆ ಅರ್ಧ ಮಿಲಿಮೀಟರು ಹೋಯಿತು. "ಅರ್ಧ ಮಿಲಿಮೀಟರ ಅಂದ್ರ ಈ ಕೆಲಸದಾಗ ಒಂದ ಹರದಾರಿ," ಅನ್ನುತ್ತಿದ್ದ ಅಪ್ಪ. ನನ್ನ ಕಣ್ಣು ಚುರುಕು. ಕೈಗೆ ಕೊಟ್ಟ ಕೂಡಲೇ ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನ ತನಕ, ಅಂಗಡಿಯ ಮಾತಿನಲ್ಲಿ ಒಂದು ಪಾಯಿಂಟಿನ ತನಕ, ಹೇಳುತ್ತಿದ್ದೆ. ಅಪ್ಪನಿಗೆ ಅದು ಹೆಮ್ಮೆ. ಆದರೆ ಅಪ್ಪನ ಹೆಮ್ಮೆಗೆ ಯಾವಾಗಲೂ ಪಕ್ಕದಲ್ಲಿ ತುಳಿಯಲು ಒಬ್ಬರು ಬೇಕಿತ್ತು.

ಅಂಗಡಿಯಲ್ಲಿ ಲಾರಿಯವರು ನಾಲ್ಕು ಮಂದಿ ಕೂತಿದ್ದಾಗಲೇ ಅವನು ನನ್ನನ್ನು ಕೂಗುತ್ತಿದ್ದುದು. ಎಣ್ಣೆ ಡಬ್ಬದ ಮೇಲೆ ನಿಲ್ಲಿಸಿ, ಕಾಕಾ ತಿರುವಿದ ಪಿನ್ನೋ ಬುಷ್ಷೋ ಕೈಗೆ ಕೊಟ್ಟು, "ನಿಮ್ಮ ಕಾಕಾ ಎಷ್ಟು ಕೆಡಿಸ್ಯಾನ ನೋಡವಾ," ಅನ್ನುತ್ತಿದ್ದ. ನಾನು ಗಂಟಲು ತೆರೆದು ಸಂಖ್ಯೆ ಹೇಳುತ್ತಿದ್ದೆ. ಎರಡು ಪಾಯಿಂಟು ಹೆಚ್ಚು ಕಡಿಮೆ ಇದ್ದರೆ ಸಾಕು. "ನೋಡ್ರೀ, ನಾಕನೇ ಇಯತ್ತೆ ಹುಡುಗಿ. ಈ ಕ್ವಾಣನ ನೋಡ್ರಿ." ಒಮ್ಮೆ ಕಾಕಾನ ತಲೆಯಿಂದ ಒಂದು ಕೂದಲು ಕಿತ್ತು ದವಡೆಯ ನಡುವೆ ಇಟ್ಟು ನನ್ನ ಕೈಗೆ ಕೊಟ್ಟ. ಏಳು ಪಾಯಿಂಟು ಎಂದೆ. "ಹಂಗಾರ ಇವನ ಬುದ್ಧಿಗಿಂತ ದಪ್ಪ ಐತಿ ಬಿಡು," ಎಂದ ಅಪ್ಪ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾಕಾ ಕೂಡ ತಲೆ ಕೆರೆದುಕೊಳ್ಳುತ್ತ ನಕ್ಕ. ಅವನು ನಕ್ಕಿದ್ದರಿಂದ ಅದು ಅವನಿಗೆ ನೋಯುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ.

ಅವನ ಕೈಕೆಲಸ ನಿಜಕ್ಕೂ ಅಪ್ಪನದಕ್ಕಿಂತ ನುಣುಪು. ಉಗುರಿನ ತುದಿಯನ್ನು ಕಬ್ಬಿಣದ ಮೇಲೆ ಎಳೆದು ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಹೇಳುತ್ತಿದ್ದ. ಮಷಿನ್ನಿನ ಹಿಡಿಕೆಯನ್ನು ಎಷ್ಟು ತಿರುಗಿಸಿದರೆ ಎಷ್ಟು ಕೊರೆಯುತ್ತದೆ ಎಂಬುದು ಅವನ ಅಂಗೈಗೇ ಗೊತ್ತಿತ್ತು. ಅವನಿಗೆ ಆಗದೆ ಇದ್ದುದು ಓದುವುದು ಮಾತ್ರ. ಅದು ನನಗೆ ತಿಳಿದದ್ದು ಐದನೇ ಇಯತ್ತೆಗೆ ಹೋಗುವಾಗ. ಅಂದು ಅಪ್ಪ ಇರಲಿಲ್ಲ. ಅಂಗಡಿಗೂ ಅಡಿಗೆಮನೆಗೂ ನಡುವೆ ಇದ್ದ ಕಿಟಕಿಯಿಂದ ಕಾಕಾ ಮೈಕ್ರೋಮೀಟರು ಹಿಡಿದ ಕೈಯನ್ನು ಒಳಗೆ ಚಾಚಿ, "ಗಿರಿ, ಇದೊಂದ ಹೇಳವಾ," ಎಂದ.

"ನೀನ ನೋಡಕೋ."

"ಗೆರಿ ಎಲ್ಲಾ ಇರುವಿ ಹರದಂಗ ಕಾಣ್ತಾವ ನನಗ. ದೂರದ್ದು ಕಾಣ್ತದ, ಕೈಯಾಗಿಂದು ಕಾಣೂದಿಲ್ಲ. ಸಾಲ್ಯಾಗ ಅಕ್ಷರಾನೂ ಹಂಗ ಇದ್ದವು."

"ಅಪ್ಪಗ ಹೇಳು."

"ಹೇಳಿದ್ರ ಮಷಿನ್ ಬಿಡಸ್ತಾನ. ಮಷಿನ್ ಬಿಟ್ಟು ನಾ ಏನ ಮಾಡ್ಲಿ?"

ಆ ದಿನದಿಂದ ಅದು ನಮ್ಮಿಬ್ಬರ ಗುಟ್ಟು. ಅಪ್ಪ ಹತ್ತಿರದಲ್ಲಿದ್ದರೆ "ಗಿರಿ, ನೀರ ತಾ" ಅನ್ನುತ್ತಿದ್ದ. ನಾನು ತಂಬಿಗೆ ಕೊಡುತ್ತ ಅಳತೆ ನೋಡಿ ಪಿಸುಗುಟ್ಟುತ್ತಿದ್ದೆ. ತಪ್ಪುಗಳು ನಿಂತವು, ಅಪ್ಪನ ಬೈಗುಳಕ್ಕೆ ಕಾರಣ ಸಿಗದಂತಾಯಿತು. ಒಂದೂವರೆ ವರ್ಷ ಹೀಗೆ ನಡೆಯಿತು. ಆಟಕ್ಕೆ ಕರೆದರೆ ಹೋಗುತ್ತಿರಲಿಲ್ಲ, ಸಾಲೆಯಿಂದ ಓಡಿ ಬಂದು ಕಿಟಕಿಯ ಕೆಳಗೆ ಕೂರುತ್ತಿದ್ದೆ. ಇಡೀ ಮನೆ ನನ್ನ ಕಣ್ಣಿನ ಮೇಲೆ ನಡೆಯುತ್ತಿದೆ ಎಂಬ ಗರ್ವ ನನಗೆ ಎಷ್ಟಿತ್ತೆಂದರೆ, ಕಾಕಾನ ಕಣ್ಣು ಎಂದೂ ಸರಿಯಾಗದಿರಲಿ ಎಂದು ದೇವರ ಮುಂದೆ ಬೇಡಿಕೊಂಡದ್ದೂ ಉಂಟು. ಮಕ್ಕಳ ಪ್ರಾರ್ಥನೆಯಲ್ಲಿ ಎಂಥೆಂಥ ವಿಷ ಇರುತ್ತದೆ ಎಂಬುದು ದೇವರಿಗೇ ಗೊತ್ತು.

ಆ ಬೇಸಿಗೆಯಲ್ಲಿ ಕಾಕಾನಿಗೆ ಹೆಣ್ಣು ಗೊತ್ತಾಯಿತು. ಕಟ್ಟಿಗೆ ಮಿಲ್ಲಿನ ಮೇಸ್ತ್ರಿ ಚನ್ನಬಸಪ್ಪನವರ ಮಗಳು, ನಿರ್ಮಲಾ. ಎಸ್ಸೆಸ್ಸೆಲ್ಸಿ ಪಾಸಾದವಳು, ಎತ್ತರದ ಹುಡುಗಿ, ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮಾತು ಮುಗಿದು, ನಿಶ್ಚಯಕ್ಕೆ ದಿನ ನೋಡುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ಮಿಲ್ಲಿನ ದೊಡ್ಡ ಗರಗಸದ ಶಾಫ್ಟು ಹೋಯಿತು. ಚನ್ನಬಸಪ್ಪನವರು ಹೊಸ ಕಬ್ಬಿಣ ತರಿಸಿ ನಮ್ಮ ಅಂಗಡಿಗೇ ಕಳಿಸಿ, "ಇದನ್ನ ಹುಡುಗನ ತಿರುವಲಿ, ನಮ್ಮ ಅಳಿಯಾನ ಕೈ ನೋಡೂಣು," ಎಂದರಂತೆ. ಶಾಫ್ಟಿನ ತುದಿಗೆ ಬೇರಿಂಗು ಬಿಗಿಯಾಗಿ ಕೂರಬೇಕು. ಅದಕ್ಕೆ ನಲವತ್ತು ಮಿಲಿಮೀಟರು, ಮೇಲೆ ಎರಡು ಪಾಯಿಂಟು. ಬೇರಿಂಗು ಊರಲ್ಲಿ ಸಿಗಲಿಲ್ಲ. ಅಪ್ಪ ಅದನ್ನು ತರಲು ಹುಬ್ಬಳ್ಳಿಗೆ ಹೋದ. ಕೂರಿಸಿ ನೋಡಲು ಬೇರಿಂಗಿಲ್ಲದೆ ಬರೀ ಅಳತೆಯ ಮೇಲೆ ಆಗಬೇಕಾದ ಕೆಲಸ ಅದು.

ಕಾಕಾ ಅಂದು ಹಾಡು ಗುನುಗುತ್ತಿದ್ದ. ಮಧ್ಯಾಹ್ನ ನಾನು ಕಿಟಕಿಗೆ ಬಂದಾಗ ಮುಖವೆಲ್ಲ ಅರಳಿಸಿಕೊಂಡು ಹೇಳಿದ: "ಗಿರಿ, ನಿರ್ಮಲಾಗ ನನ್ನ ಕಣ್ಣಿನ ಸುದ್ದಿ ಹೇಳಿಬಿಟ್ಟೆ. ಆಕಿ ನಕ್ಕಳು. ಅದರಾಗೇನೈತಿ, ನಾ ಓದಿ ಹೇಳ್ತೀನಿ ಅಂದಳು. ಇನ್ನ ಮ್ಯಾಲೆ ನಿನಗ ಈ ತ್ರಾಸಿಲ್ಲ ನೋಡು. ಆಟಕ್ಕ ಹೋಗು."

ಅವನು ನನಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಗೋಣಿಚೀಲದ ಮೇಲೆ, ನನ್ನ ಜಾಗದಲ್ಲಿ, ಆ ಎತ್ತರದ ಹುಡುಗಿ ಕೂತು ತಂಬಿಗೆ ಕೊಡುತ್ತಿರುವುದು ಕಣ್ಣಿಗೆ ಕಟ್ಟಿತು. ಅವನು ಶಾಫ್ಟಿನ ಅಳತೆ ಹಿಡಿದು ಮೈಕ್ರೋಮೀಟರನ್ನು ಕಿಟಕಿಯೊಳಗೆ ಚಾಚಿದ. ನೋಡಿದೆ. ನಲವತ್ತು, ಮೇಲೆ ಹನ್ನೆರಡು. ಇನ್ನು ಹತ್ತು ಪಾಯಿಂಟು ತೆಗೆದರೆ ಕೆಲಸ ಮುಗಿಯಿತು. ಅರ್ಧದ ಗೆರೆ ಹೊರಗೆ ಬಂದಿರಲಿಲ್ಲ.

"ನಲವತ್ತು ಅರವತ್ತೆರಡು," ಎಂದೆ.

"ಅರವತ್ತೆರಡು? ಇನ್ನೂ ಭಾಳ ಐತಲ್ಲ," ಎಂದು ಹೋದ. ಹತ್ತು ಪಾಯಿಂಟಿನ ಬದಲು ಅರವತ್ತು ತೆಗೆಯುತ್ತಾನೆ ಎಂದು ನನಗೆ ಗೊತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ. ಹಗಲೆಲ್ಲ ಮಾಡಿದ ಕೆಲಸ ಹಾಳಾಗುತ್ತದೆ, ಅಪ್ಪ ಬೈಯುತ್ತಾನೆ, ಕಾಕಾನಿಗೆ ನನ್ನ ಬೆಲೆ ತಿಳಿಯುತ್ತದೆ, ಅಷ್ಟೇ ನನ್ನ ಲೆಕ್ಕ. ಹಿಂದಿನ ಬಾಗಿಲಿನಿಂದ ಪಕ್ಕದ ಮನೆಗೆ ಹೋದೆ. ಅಲ್ಲಿಂದಲೂ ಲೇತಿನ ಸದ್ದು ಕೇಳುತ್ತಿತ್ತು. ಕೊರೆಯುವಾಗ ಒಂದು ಸದ್ದು, ಬಿಟ್ಟಾಗ ಒಂದು. ಎರಡು ಸಲ ನಿಂತಿತು. ಎರಡು ಸಲವೂ ಕಾಕಾ "ಗಿರೀ" ಎಂದು ಕೂಗಿದ್ದು ಕೇಳಿತು. ಓಡಿ ಹೋಗಿ ಹೇಳಲು ಇನ್ನೂ ಹೊತ್ತಿತ್ತು. ಪಕ್ಕದ ಮನೆಯವರು ಕೊಟ್ಟ ಹಲಸಿನ ಹಪ್ಪಳವನ್ನು ನಾನು ಮುರಿಮುರಿದು ತಿನ್ನುತ್ತ ಕೂತಿದ್ದೆ. ಮೂರನೆಯ ಸಲ ಮಷಿನ್ನು ಸುರುವಾದ ಮೇಲೆ ಅವನು ಕೂಗಲಿಲ್ಲ.

ಮರುದಿನ ಬೆಳಿಗ್ಗೆ ಚನ್ನಬಸಪ್ಪನವರು ಬಂದರು. ಅಪ್ಪ ಬೇರಿಂಗಿನ ಕಾಗದ ಬಿಚ್ಚಿ ಶಾಫ್ಟಿಗೆ ಏರಿಸಿದ. ಅದು ಬಿಗಿಯಾಗಿ ಕೂರಲಿಲ್ಲ, ಬಳೆಯ ಹಾಗೆ ಲಟಲಟ ಎಂದು ಅಲ್ಲಾಡಿತು. ಅಪ್ಪ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಬೇರಿಂಗನ್ನು ಮತ್ತೊಮ್ಮೆ ಅಲ್ಲಾಡಿಸಿದ, ಇನ್ನೊಮ್ಮೆ ಅಲ್ಲಾಡಿಸಿದ. ಆಮೇಲೆ ಡಬ್ಬಿಯಿಂದ ಮೈಕ್ರೋಮೀಟರು ತೆಗೆದು ಶಾಫ್ಟಿಗೆ ಹಚ್ಚಿ, ಮೂರು ಸಲ ಟಿಕ್ ಅನ್ನಿಸಿ, ಕಾಕಾನ ಕೈಗೆ ಕೊಟ್ಟು ಬಹಳ ಮೆತ್ತಗೆ, "ಓದಪ್ಪಾ, ಬೀಗರು ಕೇಳ್ಲಿ," ಎಂದ.

ಕಾಕಾ ಅದನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ, ಬಾಗಿಲ ಕಡೆಗೆ ತಿರುಗಿ ಬೆಳಕಿಗೆ ಹಿಡಿದ. ಚನ್ನಬಸಪ್ಪನವರು ನೋಡುತ್ತಿದ್ದರು, ಚಹಾ ಕುಡಿಯಲು ಬಂದ ಇಬ್ಬರು ಲಾರಿಯವರು ನೋಡುತ್ತಿದ್ದರು. ಅಪ್ಪ ಅವಸರ ಮಾಡಲಿಲ್ಲ. ಕೈಕಟ್ಟಿ ನಿಂತು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದ. ಕಾಕಾನ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ನಾನು ನಿಂತಲ್ಲಿಂದ ಕಾಣುತ್ತಿತ್ತು. ಕೊನೆಗೆ ಅಪ್ಪ, "ಏ ಗಿರಿಜಾ, ಬಾ ಇಲ್ಲೆ," ಎಂದ.

ನಾನು ಹೋದೆ. ಎಣ್ಣೆ ಡಬ್ಬದ ಮೇಲೆ ಹತ್ತಿದೆ. "ಮೂವತ್ತೊಂಬತ್ತು ಐವತ್ತೆರಡು," ಎಂದೆ. ಅಭ್ಯಾಸಬಲದಿಂದ ನನ್ನ ದನಿ ಯಾವತ್ತಿನ ಹಾಗೆ ಗಟ್ಟಿಯಾಗಿ, ಸ್ಪಷ್ಟವಾಗಿ ಬಂತು.

ಕಾಕಾ ನನ್ನ ಮುಖ ನೋಡಿದ. ನನ್ನ ಹೆಸರು ಈಗ ಹೊರಬೀಳುತ್ತದೆ ಎಂದು ಕಾದೆ. ಅವನು ಅಣ್ಣನ ಕಡೆ ತಿರುಗಿ, "ನಾನ ತಪ್ಪು ಓದೀನಿ, ಅಣ್ಣಾ," ಎಂದ.

"ಓದಿ? ನಿನಗ ಓದಾಕ ಬರ್ತದೇನಲೇ?" ಎಂದ ಅಪ್ಪ. ಆಮೇಲೆ ಚನ್ನಬಸಪ್ಪನವರಿಗೆ, "ನೋಡ್ರಿ ಬೀಗರ, ಹಿಂಗದಾನ. ನಾಳೆ ನನಗ ಅನಬ್ಯಾಡ್ರಿ," ಎಂದು ನಕ್ಕ. ತನ್ನ ತಮ್ಮನ ಬಾಳನ್ನು ಅವನು ಒಂದು ನಗೆಯಲ್ಲಿ ಗಾಳಿಗೆ ತೂರಿದ್ದು ಹೀಗೆ. ಚನ್ನಬಸಪ್ಪನವರು ಶಾಲನ್ನು ಹೆಗಲ ಮೇಲೆ ಸರಿ ಮಾಡಿಕೊಂಡು, "ಗರಗಸದ ಮಿಲ್ಲಿನಾಗ ಕೆಲಸ ನಮ್ಮದು. ಕಣ್ಣಿಲ್ಲದವ್ರಿಗೆ ಮಗಳನ್ನ ಹ್ಯಾಂಗ ಕೊಡೂದ್ರೀ," ಎಂದು ಎದ್ದು ಹೋದರು. ಆ ವರ್ಷವೇ ನಿರ್ಮಲಾಳನ್ನು ಹಾನಗಲ್ ಕಡೆ ಕೊಟ್ಟರೆಂದು ಕೇಳಿದೆವು.

ಮಧ್ಯಾಹ್ನ ಅವ್ವನ ಹತ್ತಿರ ಅಳುತ್ತ ಎಲ್ಲ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕಿಟಕಿಯ ಗುಟ್ಟು ಅವಳಿಗೆ ಮೊದಲೇ ಗೊತ್ತಿತ್ತು. "ಆದದ್ದ ಆತು. ಬಾಯಿ ಬಿಟ್ರ ನಿಮ್ಮಪ್ಪ ನಿನ್ನ ಕೊಲ್ತಾನ. ನಾಳೆ ನಿನಗೂ ಮದುವಿ ಆಗ್ಬೇಕು," ಎಂದಳು. ಆವತ್ತಿನಿಂದ ಕಾಕಾನ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತಿತ್ತು. ಅವನು, "ಯಾಕ ವೈನಿ, ಇಷ್ಟ್ಯಾಕ," ಅನ್ನುತ್ತಿದ್ದ. ನಮ್ಮ ಮನೆಯವರ ಪಶ್ಚಾತ್ತಾಪ ಆ ಚಮಚದಷ್ಟೇ ದೊಡ್ಡದಿತ್ತು.

ಅಪ್ಪ ಅವನನ್ನು ಮಷಿನ್ನಿನ ಹತ್ತಿರ ಬಿಡಲಿಲ್ಲ. ಕೆಳಗೆ ಬಿದ್ದ ಕಬ್ಬಿಣದ ಸುರುಳಿ ಬಳಿಯುವುದು, ಲಾರಿಯವರಿಗೆ ಚಹಾ ತರುವುದು ಅವನ ಕೆಲಸವಾಯಿತು. ಹದಿನಾಲ್ಕು ವರ್ಷ ಆ ಮಷಿನ್ನಿನ ಮುಂದೆ ನಿಂತವನು ಅದರ ಕಾಲ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಸ ಆರಿಸುತ್ತಿದ್ದ. ನಾನು ಎದುರು ಬಂದರೆ ಮೊದಲಿನ ಹಾಗೇ ನಗುತ್ತಿದ್ದ. ಒಮ್ಮೆಯೂ ಆ ಮಾತು ಎತ್ತಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಕೋಲೆ ಕಡೆಗೆ ಹೋಗುವ ಲಾರಿ ಹತ್ತಿ ಹೋದವನು ತಿರುಗಿ ಬರಲಿಲ್ಲ. "ತಿನ್ನೂ ಬಾಯಿ ಒಂದ ಕಡಿಮಿ ಆತು," ಎಂದ ಅಪ್ಪ.

ನಾಲ್ಕೈದು ವರ್ಷದ ಮೇಲೆ ಅಪ್ಪನಿಗೇ ಗೆರೆಗಳು ಕಾಣದಾದವು. ಶಿರಸಿಗೆ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದ. ಬಂದವನೇ ಮೈಕ್ರೋಮೀಟರು ತೆಗೆದು ನೋಡಿದ. ಕನ್ನಡಕ ತೆಗೆದು ನೋಡಿದ, ಮತ್ತೆ ಹಾಕಿಕೊಂಡು ನೋಡಿದ. ಹಾಗೇ ಸ್ಟೂಲಿನ ಮೇಲೆ ಕೂತುಬಿಟ್ಟ. ನಾನೂ ಅವ್ವನೂ ಬಾಗಿಲಲ್ಲಿ ನಿಂತಿದ್ದೆವು. ಅವನ ಮುಖದಲ್ಲಿ ಏನೋ ಒಡೆಯುತ್ತಿರುವುದು ಕಂಡಿತು. ಈಗ ಅಳುತ್ತಾನೆ ಎಂದುಕೊಂಡೆ. ಅವನು ತಲೆ ಎತ್ತಿ, "ಹೇಳಬೇಕಿತ್ತಲ್ಲ ಕತ್ತೆ! ಬಾಯಿ ಇರಲಿಲ್ಲೇನು ಅವಗ?" ಎಂದ. ಅಷ್ಟೇ. ತಮ್ಮನನ್ನು ಹುಡುಕಲು ಹೋಗಲಿಲ್ಲ. ಸಾಯುವ ತನಕ ಅವನ ಹೆಸರು ಹೇಳಲಿಲ್ಲ.

ಅಪ್ಪ ಹೋದ, ಎರಡು ವರ್ಷಕ್ಕೆ ಅವ್ವನೂ ಹೋದಳು. ಮಷಿನ್ನನ್ನು ಗುಜರಿಯವರು ಬಿಚ್ಚಿ ಒಯ್ದರು. ರಸ್ತೆ ಅಗಲ ಮಾಡುವಾಗ ಅಂಗಡಿಯ ಮುಂಭಾಗ ಹೋಯಿತು, ಉಳಿದ ಜಾಗದಲ್ಲಿ ಈಗ ಬೇಕರಿ ಇದೆ. ಕಾಕಾನ ಸುದ್ದಿ ನನಗೆ ಸಿಕ್ಕಿದ್ದು ಮೂರು ವರ್ಷದ ಹಿಂದೆ, ನಮ್ಮ ಕಾಲೇಜಿಗೆ ಬರುತ್ತಿದ್ದ, ಸಿದ್ದಾಪುರ ಕಡೆಯ ದೊಡ್ಮನೆ ಎಂಬ ಊರಿನ ಹುಡುಗಿಯೊಬ್ಬಳಿಂದ. ಸ್ಕ್ರೂ ಗೇಜ್ ಹಿಡಿದುಕೊಂಡು, "ಮೇಡಂ, ನಮ್ಮೂರ ಹಿಟ್ಟಿನ ಗಿರಣಿ ವಿರೂಪಾಕ್ಷಣ್ಣ ಇದರ ಸುದ್ದಿ ಹೇಳ್ತಿರ್ತಾರೆ. ಮೊದಲು ಯಲ್ಲಾಪುರದಲ್ಲಿ ಲೇತ್ ಕೆಲಸ ಮಾಡ್ತಿದ್ರಂತೆ," ಎಂದಳು. ಮುಂದಿನ ಭಾನುವಾರ ಸಿದ್ದಾಪುರದ ಬಸ್ಸು ಹತ್ತಿದೆ.

ಗಿರಣಿಯ ಬಾಗಿಲಲ್ಲಿ ಮೈಯೆಲ್ಲ ಹಿಟ್ಟಾಗಿ ನಿಂತಿದ್ದ ಮುದುಕ. ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಅವ್ವನ ಹೋಲಿಕೆ ಹಿಡಿದೋ ಏನೋ, ನನ್ನನ್ನು ದೂರದಿಂದಲೇ ಗುರುತಿಸಿ, "ಗಿರಿ!" ಎಂದ. ಗಿರಣಿಯ ಯಜಮಾನರ ಹೆಂಡತಿ ಹಿಂದಿನ ಮನೆಯಿಂದ, "ಎಂತ ವಿರೂಪಾಕ್ಷಣ್ಣ, ನೆಂಟ್ರಾ?" ಎಂದು ಕೇಳಿದ್ದಕ್ಕೆ, "ನಮ್ಮ ಹುಡುಗಿ, ಅಮ್ಮಾ, ನಮ್ಮಣ್ಣನ ಮಗಳು," ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದ. ಆ ತಾಯಿಯೇ ಬಂದ ಹೊಸತರಲ್ಲಿ ಅವನನ್ನು ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದರಂತೆ. ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷ ಯಾರಿಗೂ ಹೊಳೆಯದ್ದು ಅವರಿಗೆ ಎರಡು ದಿನದಲ್ಲಿ ಹೊಳೆದಿತ್ತು. ಮದುವೆ ಆಗಿರಲಿಲ್ಲ. ಬೆಂಚಿನ ಮೇಲಿನ ಹಿಟ್ಟು ಒರೆಸಿ ನನ್ನನ್ನು ಕೂರಿಸಿದ, ಚಹಾ ತರಿಸಿದ. ಅಪ್ಪ ಅವ್ವ ಇಲ್ಲ ಎಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅವನು ಅಷ್ಟು ಸುಖವಾಗಿ ನನ್ನನ್ನೇ ನೋಡುತ್ತಿದ್ದುದನ್ನು ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಹನ್ನೆರಡನ್ನು ಕಂಡದ್ದು, ಅರವತ್ತೆರಡು ಎಂದದ್ದು, ಪಕ್ಕದ ಮನೆಯಲ್ಲಿ ಹಪ್ಪಳ ತಿಂದದ್ದು.

ಅವನು ಕೈಯಲ್ಲಿದ್ದ ಚಹಾದ ಲೋಟವನ್ನು ಬೆಂಚಿನ ಮೇಲೆ ಇಟ್ಟ. ಆಮೇಲೆ ಕೇಳಿದ, "ಬೇಕಂತ ಹೇಳಿದೇನು?"

"ಹೌದು, ಕಾಕಾ."

"ನೀ ಹನ್ನೆರಡು ಅಂದದ್ದು ಮಷಿನ್ ಸದ್ದಿನಾಗ ನನಗ ಅರವತ್ತೆರಡು ಅಂತ ಕೇಳಸ್ತು ಅನ್ಕೊಂಡಿದ್ದೆ. ಕಣ್ಣು ಮೊದಲ ಇರಲಿಲ್ಲ, ಕಿವೀನೂ ಹೋದುವು ಅನ್ಕೊಂಡೆ. ಅದಕ್ಕ ಮತ್ತ ಯಾವ ಲೇತಿಗೂ ಕೈ ಹಚ್ಚಲಿಲ್ಲ."

"ತಪ್ಪಾತು, ಕಾಕಾ."

"ಯಾಕ ಹೇಳಿದಿ ಈಗ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಿನಗ ಹಗುರಾತು. ಆ ಮನ್ಯಾಗ ನನ್ನ ಕಡೆ ಒಬ್ಬಾಕಿ ಇದ್ದಳು ಅಂತ ಇಷ್ಟ ವರ್ಷ ಇದ್ದೆ. ಈಗ ಆಕೀನೂ ಇಲ್ಲದಂಗ ಆತು."

ಯಾರೋ ಅಕ್ಕಿ ತಂದರು. ಅವನು ಎದ್ದು ಹೋಗಿ ಗಿರಣಿ ಹಚ್ಚಿದ, ಬೀಳುವ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದ, ಕಲ್ಲನ್ನು ಚೂರು ಬಿಗಿ ಮಾಡಿದ. ನಾನು ಬಸ್ಸಿನ ಹೊತ್ತಿನ ತನಕ ಕೂತೇ ಇದ್ದೆ. ಬಸ್ಸಿನ ಹಾರ್ನು ಕೇಳಿದಾಗ ಬಾಗಿಲ ತನಕ ಬಂದ, ಕೈ ಮುಗಿದ. "ಹೋಗಿ ಬರ್ರಿ," ಎಂದ. ಗಿರಣಿಗೆ ಬಂದ ಊರವರಿಗೆ ಹೇಳುವ ಹಾಗೆ.

ಆಮೇಲೆ ಎರಡು ಯುಗಾದಿಗೆ ಫೋನು ಮಾಡಿದೆ. ಎರಡು ಸಲವೂ ಎತ್ತಿಕೊಂಡ. "ಆರಾಮ ಅದೀರೇನ್ರಿ? ಮನಿ ಕಡೆ ಎಲ್ಲಾ ಬರೋಬರಿ?" ಎಂದು ಮರ್ಯಾದೆಯಿಂದ ವಿಚಾರಿಸಿದ. ನಾನು ಆರಾಮ ಎಂದೆ. ಈ ವರ್ಷ ಫೋನು ಎತ್ತಿದ್ದು ಗಿರಣಿಯ ತಾಯಿ. ಕಾಕಾ ತೀರಿಕೊಂಡಿದ್ದ. ಹೊಳೆಯ ಆಚೆ, ಅವರದೇ ಜಾಗದಲ್ಲಿ, ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿಸಿದರಂತೆ. "ಯಾರಿಗಾದ್ರೂ ತಿಳಿಸಬೇಕಾ ಅಂತ ಕೊನೆಗೆ ಕೇಳಿದ್ದೆ. ಯಾರೂ ಇಲ್ಲ ಅಂದ್ರು," ಎಂದರು. ನಾನು ಹೌದು ಎಂದೆ.